ಪ್ಲಾಟಿನಮ್ಮಿಗೆ ಇದ್ದಿಲಿನ ಆಸರೆ

ಅಡಕೆಯ ಸುಗ್ಗಿಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಕಡೆ ಹೋಗಿಬರುವವರು ಮನೆಗಳ ಮಗ್ಗುಲಲ್ಲಿ ಬಿದ್ದಿರುವ ಸಿಪ್ಪೆಯ ರಾಶಿಗಳನ್ನು ಕಾಣದೆ ಇರಲಾರರು. ಅದರಲ್ಲಿ ಸ್ವಲ್ಪ ಭಾಗ ಗೊಬ್ಬರವಾಗುವುದು, ಸ್ವಲ್ಪ ಭಾಗ ಹಂಡೆಯ ಕೆಳಗೆ ಉರಿಯುವುದು, ಉಳಿದುದು ಮಳೆಗೆ ಕೊಳೆಯುವುದು. ಈ ಕಸಕ್ಕೂ ಪ್ಲಾಟಿನಮ್ಮೆಂಬ ಅಮೂಲ್ಯ ಲೋಹಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟೆಂಬುದನ್ನೂ, ಅದರ ಮಿತಿ ಎಷ್ಟೆಂಬುದನ್ನೂ ಇಲ್ಲಿ ನಿವೇದಿಸುತ್ತೇವೆ.

ಜಲಜನಕ ಮತ್ತು ಆಮ್ಲಜನಕಗಳನ್ನು ಸುಡದೆಯೇ ಕೂಡಿಸಿ ವಿದ್ಯುತ್ತನ್ನು ಪಡೆಯಬಹುದೆಂದು ವಿಲಿಯಂ ಗ್ರೋವ್ ಎಂಬ ವಿದ್ವಾಂಸನು 1839ರಲ್ಲಿಯೇ ತೋರಿಸಿದನು. ಇದೇ ಇಂಧನಕೋಶದ ಮೂಲ. ಹೊಗೆಯಿಲ್ಲ, ಹೊರಬೀಳುವುದು ನೀರು ಮಾತ್ರ. ಆದರೆ ಆಮ್ಲಜನಕವು ಸ್ವಭಾವತಃ ಈ ಕಾರ್ಯದಲ್ಲಿ ಬಹು ನಿಧಾನ. ಅದನ್ನು ಚುರುಕುಗೊಳಿಸಲು ಪ್ಲಾಟಿನಂ ಬೇಕು.

ಲೋಹದ ಗಟ್ಟಿಯಲ್ಲಿ ಕೆಲಸ ಮಾಡುವುದು ಹೊರಮೈ ಒಂದೇ. ಆದುದರಿಂದ ಪ್ಲಾಟಿನಮ್ಮನ್ನು ಎರಡರಿಂದ ಐದು ನ್ಯಾನೊಮೀಟರಿನಷ್ಟು ಸೂಕ್ಷ್ಮವಾದ ಕಣಗಳನ್ನಾಗಿ ಮಾಡಿ ಇಂಗಾಲದ ಪುಡಿಯ ಮೇಲೆ ಹರಡುತ್ತಾರೆ. ಇದಕ್ಕೆ ಬಳಸುವ ಒಂದು ಸಾಧಾರಣ ಮಸಿಯ ಒಂದೇ ಗ್ರಾಮಿನಲ್ಲಿ ಸುಮಾರು 250 ಚದರ ಮೀಟರಿನಷ್ಟು ಮೈಯಿರುವುದು. ಇಂಗಾಲವು ಕಣಗಳನ್ನು ಬಿಡಿಬಿಡಿಯಾಗಿ ಹಿಡಿದಿರುವುದು, ವಿದ್ಯುತ್ತನ್ನೂ ಸಾಗಿಸುವುದು. ಅಡಕೆಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ನ್ಯಾಯವೇ ಇಲ್ಲಿಯೂ. ಬೆಲೆಯೆಲ್ಲವೂ ಮೆಣಸಿಗೆ, ಆದರೆ ಮರ ಉರುಳಿದರೆ ಬಳ್ಳಿ ಉಳಿಯದು.

ಆ ಮರಕ್ಕೆ ರೋಗ ತಗಲುವುದುಂಟು. ಸುಮಾರು 0.2 ವೋಲ್ಟಿನಿಂದಾಚೆಗೆ ಇಂಗಾಲವು ನೀರಿನೊಡನೆ ಕೂಡಿ ಅನಿಲವಾಗಿ ಹೋಗಲು ಪ್ರಕೃತಿಯ ಅಡ್ಡಿಯಿಲ್ಲ. ಸಾಧಾರಣ ಸಮಯದಲ್ಲಿ ಇದು ಅತಿ ನಿಧಾನವಾಗಿ ನಡೆಯುವುದರಿಂದಲೇ ಕೋಶವು ಬದುಕಿರುವುದು. ಆದರೆ ಗಾಡಿಯನ್ನು ನಿಲ್ಲಿಸಿ ಮತ್ತೆ ಹೊರಡಿಸುವಾಗ, ಜಲಜನಕವಿರಬೇಕಾದ ಕಡೆಗೆ ಗಾಳಿ ನುಗ್ಗಿ, ಎದುರಿನ ಧ್ರುವದ ಒತ್ತಡವು ಕ್ಷಣಕಾಲ 1.5 ವೋಲ್ಟಿನ ಸಮೀಪಕ್ಕೆ ಏರುವುದು. ಆಗ ಇಂಗಾಲವು ಬೇಗ ಬೇಗ ಸವೆಯುವುದು. ನೆಲೆ ತಪ್ಪಿದ ಪ್ಲಾಟಿನಂ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವುವು. ಕೊಟ್ಟ ಹಣ ಹೋದಂತೆಯೇ ಸರಿ.

ಪರಿಹಾರವಿಲ್ಲವೇ? ಇಂಗಾಲವನ್ನು 2,500 ಡಿಗ್ರಿಗೂ ಮಿಗಿಲಾಗಿ ಕಾಸಿದರೆ ಅದು ಗ್ರಾಫೈಟಿನ ಗುಣವನ್ನು ಪಡೆದು ಬಾಳಿಕೆ ಬರುವುದು. ಆದರೆ ಮೈ ನುಣುಪಾಗಿ, ಕಣಗಳು ಕಚ್ಚಿಕೊಳ್ಳುವ ಎಡೆ ಕಡಮೆಯಾಗುವುದು. ಒರಟಾದುದು ಹಿಡಿಯುವುದು, ಬಾಳದು. ನುಣುಪಾದುದು ಬಾಳುವುದು, ಹಿಡಿಯದು. ಈ ಎರಡರ ನಡುವಣ ಹದವನ್ನು ಹುಡುಕುವುದೇ ಇಂದಿನ ಸಂಶೋಧಕರ ಕೆಲಸ.

ನಮಗೆ ಇದರಿಂದ ಆಗಬೇಕಾದುದೇನು? ಹಸಿರು ಜಲಜನಕಕ್ಕಾಗಿ ಕೇಂದ್ರ ಸರ್ಕಾರವು 2023ರಲ್ಲಿ 19,744 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಶುಕ್ಲ ಮೊದಲಾದವರು ಇಂಧನಕೋಶಗಳ ವಿಷಯದಲ್ಲಿ ದೀರ್ಘಕಾಲ ದುಡಿದಿರುವರು. ಆದರೆ ಲೋಕದ ಪ್ಲಾಟಿನಮ್ಮಿನ ಬಹುಭಾಗ ದಕ್ಷಿಣ ಆಫ್ರಿಕದ ಗಣಿಗಳದು. ಹಿಂದೆ ನಮ್ಮ ಜಿಲ್ಲೆಗೇ ಸೇರಿದ್ದ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದಲ್ಲಿ ಈ ವರ್ಗದ ಲೋಹಗಳ ಕುರುಹು ಸಿಕ್ಕಿರುವುದು ನಿಜ, ಕುರುಹು ಗಣಿಯಲ್ಲ. ಹೊರಗಿನಿಂದ ತಂದ ಲೋಹವನ್ನು ಹೆಚ್ಚು ಕಾಲ ಬಾಳಿಸುವುದೇ ನಮ್ಮ ಕೈಯಲ್ಲಿರುವ ಉಳಿತಾಯ.

ಇಂಗಾಲವಾದರೋ ನಮ್ಮದೇ. 1923ರಲ್ಲಿ ಭದ್ರಾವತಿಯ ಕುಲುಮೆ ಮಲೆನಾಡಿನ ಇದ್ದಿಲಿನಿಂದಲೇ ಕಬ್ಬಿಣವನ್ನು ಕರಗಿಸಿತು. ಹಾಗೆಂದು ಅಡಕೆಯ ಸಿಪ್ಪೆಯನ್ನು ಸುಟ್ಟೊಡನೆ ಕೋಶಕ್ಕೆ ಒದಗುವುದೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ಎಲ್ಲ ಇಂಗಾಲವೂ ಕಾಸಿದಷ್ಟಕ್ಕೇ ಗ್ರಾಫೈಟಾಗದೆಂದು ರೋಸಲಿಂಡ್ ಫ್ರಾಂಕ್ಲಿನ್ 1951ರಲ್ಲಿ ತೋರಿಸಿಕೊಟ್ಟರು. ನಾರು, ಚಿಪ್ಪುಗಳ ಇದ್ದಿಲು ಈ ಹಟಮಾರಿ ಜಾತಿಗೆ ಸೇರಿದುದು. ಕಬ್ಬಿಣದ ಲವಣವನ್ನು ಬೆರಸಿ ಕಾಸಿದರೆ ಅದು ಕಡಮೆ ಶಾಖದಲ್ಲಿಯೇ ಸ್ವಲ್ಪಮಟ್ಟಿಗೆ ಪಳಗುವುದು. ಆದರೆ ಬೂದಿಯನ್ನೂ ಕಬ್ಬಿಣದ ಶೇಷವನ್ನೂ ಪೂರ್ಣವಾಗಿ ತೊಳೆಯದಿದ್ದರೆ ಕೋಶದ ಒಳಪೊರೆಯೇ ಕೆಡುವುದು.

ಆದುದರಿಂದ ನಮ್ಮ ಸಲಹೆ ಇಷ್ಟೇ. ಮೊದಲ ದಿನದ ವಿದ್ಯುತ್ತನ್ನು ಅಳೆದು ಪ್ರಬಂಧ ಬರೆದರೆ ಸಾಲದು. ಅಮೆರಿಕದ ಶಕ್ತಿ ಇಲಾಖೆಯ ಕ್ರಮದಲ್ಲಿ ಇಂಗಾಲವನ್ನು 1.0 ಮತ್ತು 1.5 ವೋಲ್ಟುಗಳ ನಡುವೆ 5,000 ಬಾರಿ ಏರಿಳಿಸಿ ಪರೀಕ್ಷಿಸುವರು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯವೂ ಬೆಂಗಳೂರಿನ ಸಂಸ್ಥೆಯೂ ಕೂಡಿ ನಮ್ಮ ಸಿಪ್ಪೆಯ ಇಂಗಾಲವನ್ನು ಈ ಒರೆಗಲ್ಲಿಗೆ ಹಚ್ಚಲಿ. ಸರ್ಕಾರವು ಅದಕ್ಕೆ ಬೇಕಾದ ಹಣವನ್ನು ಕೊಡಲಿ. ಗೆದ್ದರೆ ಮೇಳಿಗೆಯ ತೋಟದವನಿಗೆ ಕಸದಿಂದ ಕಾಸು ಬರುವುದು. ಸೋತರೆ ಏಕೆ ಸೋತಿತೆಂಬ ತಿಳಿವಳಿಕೆಯಾದರೂ ನಮ್ಮದಾಗುವುದು. ಪರೀಕ್ಷಿಸದೆ ಹೊಗಳುವುದೂ ಪರೀಕ್ಷಿಸದೆ ಸುಡುವುದೂ ಒಂದೇ ಬಗೆಯ ನಷ್ಟ.