ಕಂಬೀಪುರದ ಮಾಲ್ಟ್, ಚಿತ್ತೂರಿನ ಕತ್ತಾಳೆ

ವಿಸ್ಕಿಯ ರುಚಿಯಲ್ಲಿ ದೊಡ್ಡ ಪಾಲು ಪೀಪಾಯಿಯ ಮರದ್ದು. ಟಕೀಲಾ, ಮೆಸ್ಕಾಲ್‌ಗಳ ರುಚಿ ಹೆಚ್ಚಾಗಿ ಕತ್ತಾಳೆ ಗಿಡದ್ದು. ಮೂರನ್ನೂ ಪಕ್ಕಪಕ್ಕ ಇಟ್ಟು ಸವಿದವರಿಗೆ ಮೊದಲು ಗೊತ್ತಾಗುವುದು ಇದೇ.

ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್‌ನ ಭಟ್ಟಿ ಈಗ ಮೈಸೂರು ರಸ್ತೆಯ ಕಂಬೀಪುರದಲ್ಲಿದೆ. ಅದರ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಬೆಂಗಳೂರಿನವರು ಇನ್ನೂ ಕೆಲವು ವರ್ಷ ಕಾಯಬೇಕಾಯಿತು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾಗಿ ಹೋದರೆ, ಇಲ್ಲಿ ಶೇ 10ಕ್ಕೂ ಹೆಚ್ಚು ಹೋಗುತ್ತದೆ. ಆ ನಷ್ಟವನ್ನು ಸ್ಕಾಟರು ದೇವತೆಗಳ ಪಾಲು ಎನ್ನುತ್ತಾರೆ. ಅಮೃತ್ ತನ್ನ ಹಳೆಯ ಮಾಲ್ಟ್‌ಗೆ ‘ಗ್ರೀಡಿ ಏಂಜಲ್ಸ್’ ಎಂದು ಹೆಸರಿಟ್ಟು ದೇವತೆಗಳ ಹೊಟ್ಟೆಬಾಕತನವನ್ನೇ ಛೇಡಿಸಿತು. ಸೆಕೆಯಲ್ಲಿ ಮರದ ಸಾರವೂ ಬೇಗ ಇಳಿಯುತ್ತದೆ. ಹಾಗಾಗಿ ನಾಲ್ಕೈದು ವರ್ಷಕ್ಕೇ ವೆನಿಲ್ಲಾ, ಕೊಬ್ಬರಿ, ಸುಟ್ಟ ಸಕ್ಕರೆಯ ಘಮ ಕೂಡಿಕೊಳ್ಳುತ್ತದೆ. ಅತಿಯಾಗಿ ಇಟ್ಟರೆ ಒಗರು. ಬಾಟಲಿಯ ಮೇಲಿನ ವಯಸ್ಸು ನೋಡಿ ಬೆಲೆ ಕಟ್ಟುವ ರೂಢಿ ಈ ಹವೆಗೆ ಹೊಂದುವುದಿಲ್ಲ.

ಅಮೃತ್ ಫ್ಯೂಷನ್‌ನಲ್ಲಿ ಭಾರತದ ಬಾರ್ಲಿಯ ಜೊತೆ, ಪೀಟ್ ಎಂಬ ಜೌಗುನೆಲದ ಮಣ್ಣನ್ನು ಉರಿಸಿದ ಹೊಗೆಯಲ್ಲಿ ಒಣಗಿಸಿದ ಸ್ಕಾಟಿಷ್ ಬಾರ್ಲಿಯೂ ಇದೆ. ವಿಸ್ಕಿ ವಿಮರ್ಶಕ ಜಿಮ್ ಮರ್ರೆಯ ‘ವಿಸ್ಕಿ ಬೈಬಲ್’ನ 2010ರ ಆವೃತ್ತಿ ಅದಕ್ಕೆ ಜಗತ್ತಿನಲ್ಲಿ ಮೂರನೇ ಸ್ಥಾನ ಕೊಟ್ಟಿತ್ತು. ಅದರಲ್ಲಿ ಆಲ್ಕೊಹಾಲ್ ಶೇ 50. ಲೋಟಕ್ಕೆ ಮೂಗು ತುರುಕಿದರೆ ಘಾಟು ಬಿಟ್ಟು ಬೇರೇನೂ ತಿಳಿಯದು. ಬಾಯಿ ಕಿರಿದಾದ ಲೋಟವನ್ನು ಸ್ವಲ್ಪ ದೂರ ಹಿಡಿದು, ತುಟಿ ತುಸು ತೆರೆದು ಮೂಸಬೇಕು. ಮೊದಲ ಗುಟುಕು ನಾಲಿಗೆಯನ್ನು ಹದಕ್ಕೆ ತರಲು ಮಾತ್ರ. ರುಚಿ ನೋಡುವುದು ಎರಡನೆಯದರಲ್ಲಿ. ನಾಲ್ಕು ಹನಿ ನೀರು ಬಿದ್ದರೆ ಉರಿ ತಗ್ಗಿ, ಹಣ್ಣಿನ ವಾಸನೆ ಮೇಲೆ ಬರುತ್ತದೆ.

ಕತ್ತಾಳೆಯ ಎಲೆಗಳನ್ನು ಸವರಿದರೆ ಉಳಿಯುವ ದಪ್ಪ ಗಡ್ಡೆಯನ್ನು ಬೇಯಿಸದೆ ಹುದುಗು ಬರಿಸಲಾಗದು. ಶಾಖ ತಗುಲಿದಾಗಲೇ ಅದರ ಇನ್ಯುಲಿನ್ ಎಂಬ ಕಾರ್ಬೊಹೈಡ್ರೇಟ್ ಸಕ್ಕರೆಯಾಗುತ್ತದೆ. ಟಕೀಲಾಕ್ಕೆ ನೀಲಿ ಕತ್ತಾಳೆಯೇ ಆಗಬೇಕು. ಮುಖ್ಯ ನೆಲೆ ಮೆಕ್ಸಿಕೋದ ಹಾಲಿಸ್ಕೊ. ಗಡ್ಡೆ ಸಾಮಾನ್ಯವಾಗಿ ಹಬೆಯಲ್ಲಿ ಬೇಯುವುದರಿಂದ ಮಾಗಿಸದ ಬ್ಲಾಂಕೊದಲ್ಲಿ ಹಸಿರು ಸೊಪ್ಪು, ಮೆಣಸು, ನಿಂಬೆಸಿಪ್ಪೆಯ ಛಾಯೆ ನಿಚ್ಚಳ. ಒಂದರಿಂದ ಮೂರು ವರ್ಷ ಪೀಪಾಯಿಯಲ್ಲಿ ಕೂತ ಅನ್ಯೆಹೊ ವಿಸ್ಕಿಯತ್ತ ವಾಲುತ್ತದೆ. ಕತ್ತಾಳೆಯ ನಿಜಗುಣ ಬೇಕಿದ್ದರೆ ಬ್ಲಾಂಕೊ ಮೇಲು.

ಮೆಸ್ಕಾಲ್‌ಗೆ ಹೆಸರಾದದ್ದು ಮೆಕ್ಸಿಕೋದ ಇನ್ನೊಂದು ರಾಜ್ಯ ವಹಾಕಾ. ಅಲ್ಲಿ ನೆಲ ತೋಡಿ, ಕಾದ ಕಲ್ಲುಗಳ ಮೇಲೆ ಗಡ್ಡೆ ಒಟ್ಟಿ, ಮಣ್ಣು ಮುಚ್ಚಿ ದಿನಗಟ್ಟಲೆ ಬೇಯಿಸುತ್ತಾರೆ. ಪೀಟ್‌ನ ಹೊಗೆ ಬಾರ್ಲಿಗೆ ಹತ್ತಿದ್ದು. ಅದರಲ್ಲಿ ಟಿಂಚರ್‌ನಂಥ ಔಷಧಿ ವಾಸನೆ. ಮೆಸ್ಕಾಲ್‌ನ ಹೊಗೆ ಗಡ್ಡೆಯ ಜೊತೆಗೇ ಬೆಂದದ್ದು. ಕೆಂಡದಲ್ಲಿ ಸುಟ್ಟ ಗೆಣಸಿನ ಸಿಪ್ಪೆಯಂತೆ ಸಿಹಿ, ಕಮಟು ಕೂಡಿರುತ್ತದೆ. ಹೊಗೆಯದನ್ನು ಮೊದಲೇ ಕುಡಿದರೆ ಉಳಿದವು ಸಪ್ಪೆ. ಆದ್ದರಿಂದ ಬ್ಲಾಂಕೊ ಮೊದಲು, ಮೆಸ್ಕಾಲ್ ಕೊನೆಗೆ.

ದಖ್ಖನ್ನಿನ ಬೇಲಿಗಳಲ್ಲಿ ಬೆಳೆಯುವ ಕತ್ತಾಳೆ ಅಗಾವೆ ಅಮೆರಿಕಾನಾ. ಡೆಸ್ಮಂಡ್ ನಜರೆತ್ ಅದನ್ನೇ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಬಟ್ಟಿ ಇಳಿಸಿ, 2011ರಲ್ಲಿ ‘ಡೆಸ್ಮಂಡ್‌ಜಿ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ತಳಿಯೂ ಬೇರೆ, ನೆಲವೂ ಬೇರೆ. ಟಕೀಲಾ ಎಂದು ಕರೆಯುವಂತಿಲ್ಲ. ಲೇಬಲ್ಲಿನಲ್ಲಿರುವುದು ಅಗಾವೆ ಎಂದಷ್ಟೇ.