ಸರ್ಪಸುತ್ತು: ಹೊರಗಿನಿಂದ ಬಂದ ಹಾವಲ್ಲ

ಮಗುವಿನ ಮೈಮೇಲೆ ನೀರುಗುಳ್ಳೆಗಳೆದ್ದರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತೇವೆ. ಹಿರಿಯರ ಪಕ್ಕೆಯಲ್ಲಿ ಉರಿಯೊಡನೆ ಗುಳ್ಳೆಗಳ ಸಾಲು ಮೂಡಿದರೆ ‘ಸರ್ಪಸುತ್ತು’ ಎನ್ನುತ್ತೇವೆ. ಒಂದನ್ನು ದೇವಿಗೂ ಇನ್ನೊಂದನ್ನು ನಾಗನಿಗೂ ಒಪ್ಪಿಸಿ ಬಂದಿದ್ದೇವೆ. ಆದರೆ ಇವೆರಡೂ ಒಂದೇ ವೈರಾಣುವಿನ ಕೆಲಸವೆಂದು ಅಮೆರಿಕದ ವಿಜ್ಞಾನಿ ಥಾಮಸ್ ವೆಲ್ಲರ್ 1950ರ ದಶಕದಲ್ಲಿಯೇ ತೋರಿಸಿಕೊಟ್ಟರು. ಇದು ‘ಹರ್ಪಿಸ್’ ಕುಲಕ್ಕೆ ಸೇರಿದ ವೈರಾಣು. ತೆವಳುವುದೆಂಬ ಅರ್ಥದ ಗ್ರೀಕ್ ಶಬ್ದದಿಂದ ಈ ಹೆಸರು ಬಂದಿದೆ. ನಮ್ಮ ‘ಸರ್ಪ’ ಶಬ್ದದ ಧಾತುವೂ ಅದೇ ಮೂಲದ್ದೆಂಬುದು ಕುತೂಹಲದ ಸಂಗತಿ.

ಮನೆ ಹೊಗುವ ಬಗೆ

ಈ ಕುಲದ ಒಂಬತ್ತು ವೈರಾಣುಗಳು ಮನುಷ್ಯನನ್ನು ಬಾಧಿಸುತ್ತವೆ. ಇವು ಕೋಶವನ್ನು ಪ್ರವೇಶಿಸುವ ಕ್ರಮವನ್ನು ವಿಜ್ಞಾನಿಗಳು ಹೆಚ್ಚು ವಿವರವಾಗಿ ಅರಿತದ್ದು, ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಸೋದರ ವೈರಾಣುವಿನಲ್ಲಿ. ವೈರಾಣುವಿನ ಕೊಬ್ಬಿನ ಹೊದಿಕೆಯ ಮೇಲೆ ಮುಳ್ಳುಗಳಂತೆ ಪ್ರೋಟೀನುಗಳಿರುತ್ತವೆ. ಅವುಗಳಲ್ಲಿ ಕೆಲವು ಮೊದಲು ಕೋಶದ ಹೊರಮೈಯ ಸಕ್ಕರೆಯ ಎಳೆಗಳಿಗೆ ಅಂಟಿಕೊಳ್ಳುತ್ತವೆ. ಬಳಿಕ ಮತ್ತೊಂದು ಪ್ರೋಟೀನು, ನಮ್ಮ ಕೋಶಗಳು ಪರಸ್ಪರ ಕೈಹಿಡಿಯಲು ಬಳಸುವ ‘ನೆಕ್ಟಿನ್’ ಎಂಬ ಕೊಂಡಿಯನ್ನೇ ಹಿಡಿಯುತ್ತದೆ. ನಮ್ಮ ಬೀಗಕ್ಕೆ ಅನ್ಯರ ಕೀಲಿ ಹೊಂದಿದಂತೆ! ಆಗ ಉಳಿದ ಪ್ರೋಟೀನುಗಳು ಎರಡೂ ಪೊರೆಗಳನ್ನು ಬೆಸೆಯುತ್ತವೆ. ಒಳಗಿನ ಚಿಪ್ಪು ಕೋಶದೊಳಕ್ಕೆ ಇಳಿದು, ಕೋಶದ ಸಾಗಾಟದ ದಾರಿಗಳನ್ನೇ ಹಿಡಿದು ಕೇಂದ್ರಕ್ಕೆ ಹೋಗಿ, ಅದರ ರಂಧ್ರದ ಮೂಲಕ ತನ್ನ ಡಿಎನ್‌ಎಯನ್ನು ಒಳಸೇರಿಸುತ್ತದೆ.

ಮುಂದಿನದನ್ನು ರಬಕವಿ-ಬನಹಟ್ಟಿಯ ನೇಕಾರ ಬಂಧುಗಳು ಸುಲಭವಾಗಿ ಗ್ರಹಿಸಬಲ್ಲರು. ಮಗ್ಗ ನಮ್ಮದು, ನೂಲು ನಮ್ಮದು. ಆದರೆ ಜಕಾರ್ಡಿನ ರಟ್ಟುಗಳನ್ನು ಯಾರೋ ಬದಲಿಸಿಟ್ಟರೆ ಮೂಡುವ ವಿನ್ಯಾಸ ಅವರದೇ. ಹಾಗೆಯೇ ನಮ್ಮ ಕೋಶವು ತನ್ನ ಕೆಲಸ ಬಿಟ್ಟು ವೈರಾಣುಗಳನ್ನೇ ನೇಯತೊಡಗುತ್ತದೆ.

ನರದಲ್ಲಿ ನಿದ್ರೆ

ಸೀತಾಳೆ ಸಿಡುಬು ವಾಸಿಯಾದರೂ ವೈರಾಣು ದೇಹವನ್ನು ಬಿಟ್ಟು ಹೋಗುವುದಿಲ್ಲ. ನರಗಳನ್ನು ಸೇರಿ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಳ ಕಾಲ ಸುಪ್ತವಾಗಿರುತ್ತದೆ. ವಯಸ್ಸಾದಾಗ, ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎಚ್ಚೆತ್ತು, ಅದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಆದಕಾರಣವೇ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುತ್ತವೆ. ತಲೆ-ಬಾಲ ಕೂಡಿದರೆ ಪ್ರಾಣ ಹೋಗುತ್ತದೆಂಬ ಮಾತಿಗೆ ಆಧಾರವಿಲ್ಲ.

ಮೂರು ದಿನಗಳ ಬೆಲೆ

ಜಮಖಂಡಿಯಾಗಲಿ ಮುಧೋಳವಾಗಲಿ, ಬೀಳಗಿಯ ಹಳ್ಳಿಯಾಗಲಿ, ಮಂತ್ರ-ಲೇಪನಗಳಲ್ಲಿ ಮೊದಲ ದಿನಗಳು ಕಳೆದುಹೋದರೆ ನಷ್ಟ ದೊಡ್ಡದು. ಅಸೈಕ್ಲೋವಿರ್ ಮುಂತಾದ ಔಷಧಗಳನ್ನು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚಿನ ಫಲ ದೊರೆಯುತ್ತದೆ. ವೈರಾಣು ಹೊಕ್ಕ ಕೋಶದಲ್ಲಿಯೇ ಮುಖ್ಯವಾಗಿ ಚುರುಕಾಗಿ, ಅದರ ಡಿಎನ್‌ಎ ಬೆಳೆಯದಂತೆ ತಡೆಯುವ ಜಾಣ ಔಷಧವಿದು. ಇದರ ಸಂಶೋಧನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಗರ್ಟ್ರೂಡ್ ಎಲಿಯನ್ 1988ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಚಿಕಿತ್ಸೆ ತಡವಾದರೆ, ಗುಳ್ಳೆ ಒಣಗಿದ ಮೇಲೂ ನರದ ಉರಿ ತಿಂಗಳುಗಟ್ಟಲೆ ಹಿರಿಯರ ನಿದ್ದೆ ಕೆಡಿಸಬಹುದು. ಹಣೆ ಅಥವಾ ಕಣ್ಣಿನ ಬಳಿ ಗುಳ್ಳೆ ಕಂಡರೆ ದೃಷ್ಟಿಗೇ ಅಪಾಯ. ಅಂದೇ ವೈದ್ಯರನ್ನು ಕಾಣಬೇಕು.

ಮನೆಯವರು ಗಮನಿಸಬೇಕಾದ ಇನ್ನೂ ಕೆಲವು ಮಾತುಗಳಿವೆ. ಸರ್ಪಸುತ್ತಿನ ಗುಳ್ಳೆಯ ನೀರು ತಗುಲಿದರೆ, ಸೀತಾಳೆ ಸಿಡುಬು ಬಾರದವರಿಗೆ ಆ ಸಿಡುಬು ಬರಬಹುದು. ಆದಕಾರಣ ಗುಳ್ಳೆಗಳು ಒಣಗುವವರೆಗೆ ಅವನ್ನು ಬಟ್ಟೆಯಿಂದ ಮುಚ್ಚಿ, ಸಿಡುಬು ಬಾರದ ಗರ್ಭಿಣಿಯರನ್ನೂ ಎಳೆಗೂಸುಗಳನ್ನೂ ದೂರವಿಡಬೇಕು. ಸಿಡುಬಿನ ಮಗುವಿಗೆ ಆಸ್ಪಿರಿನ್ ಕೊಡಲೇಬಾರದು.

ಜಪಾನಿನ ಮಿಚಿಯಾಕಿ ತಕಾಹಾಶಿ 1974ರಲ್ಲಿ ಸೀತಾಳೆ ಸಿಡುಬಿನ ಲಸಿಕೆಯನ್ನು ರೂಪಿಸಿದರು. ವೈರಾಣುವಿನ ಹೊದಿಕೆಯ ಒಂದೇ ಪ್ರೋಟೀನಿನಿಂದ ಸಿದ್ಧವಾದ ಸರ್ಪಸುತ್ತಿನ ಲಸಿಕೆಯು 2023ರಲ್ಲಿ ನಮ್ಮ ದೇಶಕ್ಕೂ ಬಂದಿದೆ. ಐವತ್ತು ದಾಟಿದವರಿಗೆ ಎರಡು ಬಾರಿ ಕೊಡುವ ಈ ಲಸಿಕೆ ದುಬಾರಿಯಾದುದು. ಅದು ತಮಗೆ ಅಗತ್ಯವೇ ಎಂಬುದನ್ನು ವೈದ್ಯರೊಡನೆ ಸಮಾಲೋಚಿಸಿ ನಿರ್ಧರಿಸಬಹುದು.

ಪಕ್ಕೆಯಲ್ಲಿ ಉರಿ ಎಂದು ಮನೆಯ ಹಿರಿಯರು ಹೇಳಿದಾಗ ಅಂಗಿ ಸರಿಸಿ ನೋಡೋಣ. ಗುಳ್ಳೆ ಕಂಡರೆ ಅಂದೇ ತಾಲೂಕು ಆಸ್ಪತ್ರೆಗೆ ಕರೆದೊಯ್ಯೋಣ.