ಟೆಲಿವಿಷನ್ ಸುದ್ದಿಯ ತಕ್ಕಡಿ

ಅಮೆರಿಕಾದಲ್ಲಿ ಅಧ್ಯಕ್ಷ ಪದವಿಯ ಉಮೇದುವಾರರು ಮೊದಲು ಸ್ವಪಕ್ಷದವರೊಡನೆಯೇ ಸ್ಪರ್ಧಿಸಬೇಕು. ಈ ಒಳಚುನಾವಣೆಗೆ ಪ್ರೈಮರಿಯೆಂದು ಹೆಸರು. ಉಮೇದುವಾರನೊಬ್ಬನಿಗೆ ಪ್ರಸಾರಕೇಂದ್ರವು ಅವಕಾಶವಿತ್ತರೆ ಅವನ ಎದುರಾಳಿಗೂ ಸಮಾನಾವಕಾಶ ಕೊಡತಕ್ಕದ್ದೆಂದು 1934ರ ಶಾಸನ ಹೇಳುತ್ತದೆ. ಆದರೆ 1959ರ ತಿದ್ದುಪಡಿಯಿಂದ ಸುದ್ದಿಗೆ ಆ ಕಟ್ಟು ತಪ್ಪಿತು. ಯಾವುದು ಸುದ್ದಿಯೆಂಬುದನ್ನು ಸರಕಾರ ನಿರ್ಣಯಿಸಬಾರದು, ನಿಜ. ಆದರೂ ಒಂದು ಪ್ರಸಂಗವನ್ನು ನೋಡಿರಿ.

2016ರ ಮಾರ್ಚ್ 15ರ ರಾತ್ರಿ ಡೆಮೊಕ್ರಾಟಿಕ್ ಪಕ್ಷದ ಬರ್ನಿ ಸ್ಯಾಂಡರ್ಸರು ಫೀನಿಕ್ಸ್ ನಗರದಲ್ಲಿ ಭಾಷಣ ಮಾಡುತ್ತಿರಲು, ಪ್ರಮುಖ ಸುದ್ದಿವಾಹಿನಿಗಳು ಅದನ್ನು ಬಿಟ್ಟು, ರಿಪಬ್ಲಿಕನ್ ಪಕ್ಷದ ಟ್ರಂಪರು ಬರಲಿದ್ದ ಬರಿಯ ವೇದಿಕೆಯನ್ನು ತೋರಿಸುತ್ತ ಕಾದವು! ಟ್ರಂಪರಿಂದ ನೋಡುವವರು ಹೆಚ್ಚುತ್ತಿದ್ದರು, ಜಾಹೀರಾತಿನ ಹಣವೂ ಹೆಚ್ಚುತ್ತಿತ್ತು. ಇಲ್ಲಿ ಸುಳ್ಳೇನೂ ಪ್ರಸಾರವಾಗಲಿಲ್ಲ. ಆದರೆ ಒಬ್ಬರ ಮಾತು ಮತದಾರನ ಕಿವಿಗೇ ಬೀಳದಿದ್ದುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಟ್ರಂಪರ ಸಭೆಗಳನ್ನು ಬಹುಶಃ ಅತಿಯಾಗಿ ತೋರಿಸಿದೆವೆಂದು ಸಿಎನ್‌ಎನ್ ಮುಖ್ಯಸ್ಥ ಜೆಫ್ ಜಕರ್ ಅಕ್ಟೋಬರಿನಲ್ಲಿ ಒಪ್ಪಿಕೊಂಡರು. ಪ್ರೈಮರಿಗಳು ಜೂನಿನಲ್ಲೇ ಮುಗಿದಿದ್ದವು.